ಅಕ್ಕೋರು ತಿಕ್ಕಿದ ರಿವಾಲ್ವರ್

ಅಕ್ಕೋರ ಬಲಗೈ ಹೆಬ್ಬೆರಳಿನ ಗೆರೆಗಳಲ್ಲೆಲ್ಲ ಕರಿ ಕೂತಿತ್ತು. ಅದು ಅಡಿಗೆಮನೆಯ ಮಸಿಯಲ್ಲ. ಉಕ್ಕು ತಿಕ್ಕಿದಾಗ ಚರ್ಮಕ್ಕೆ ಹತ್ತುವ, ನಿಂಬೆಹಣ್ಣು ಹಾಕಿ ಉಜ್ಜಿದರೂ ಬಿಡದ ಕಪ್ಪು. ಗಂಜಿ ಹಾಕಿದ ನೂಲಿನ ಸೀರೆ, ಎಡಗೈಗೆ ಗಂಡಸರ ದೊಡ್ಡ ಗಡಿಯಾರ, ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ತುರುಬು. ಎಲ್ಲವೂ ಅಷ್ಟು ಚೊಕ್ಕಟವಾಗಿದ್ದ ಹೆಂಗಸಿನ ಹೆಬ್ಬೆರಳು ಮಾತ್ರ ಯಾವುದೋ ಗ್ಯಾರೇಜಿನ ಮೇಸ್ತ್ರಿಯದರಂತಿತ್ತು. ಬಾಡಿಗೆಮನೆಯ ಬೀಗದ ಕೈಯನ್ನು ನನ್ನ ಅಂಗೈಗೆ ಹಾಕಿದಾಗ ನಾನು ನೋಡಿದ್ದು ಅದನ್ನೇ.

ಸಿಕಂದರಾಬಾದಿನ ಪಕ್ಕದ ತಾರ್ನಾಕದ ಒಂದು ಒಳಓಣಿಯಲ್ಲಿ ಅವರ ಮನೆ. ಕೆಳಗೆ ಅವರೊಬ್ಬರೇ, ಮೇಲಿನ ಎರಡು ಕೋಣೆಗಳಲ್ಲಿ ನಾನು. ನಾನು ಸಿಂಧನೂರು ಕಡೆಯವಳು, ಸರಕಾರಿ ಆಸ್ಪತ್ರೆಯೊಂದರ ರಕ್ತಪರೀಕ್ಷೆ ವಿಭಾಗದಲ್ಲಿ ಗುತ್ತಿಗೆಯ ಮೇಲೆ ಕೆಲಸಕ್ಕಿದ್ದೆ. ಅವರು ರಾಯಚೂರಿನಿಂದ ಮದುವೆಯಾಗಿ ಬಂದವರು. ನಗರದ ಒಂದು ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ರೇಖಾಗಣಿತ ಕಲಿಸಿ ನಿವೃತ್ತರಾದವರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತೇವೆ. ನಾನು ಅವರಿಂದ ಒಂದು ಅಕ್ಷರವನ್ನೂ ಕಲಿತಿರಲಿಲ್ಲ, ಆದರೂ ಮೊದಲ ದಿನವೇ ಆ ಹೆಸರು ಬಾಯಿಗೆ ಬಂತು. ಬೇರೆ ಯಾವುದೂ ಅವರಿಗೆ ಒಪ್ಪುತ್ತಿರಲಿಲ್ಲ.

ಅವರಿಗೆ ಯಾವುದೂ ವಾರೆಯಾಗಿರಬಾರದು. ಗೋಡೆಯ ಕ್ಯಾಲೆಂಡರ್ ಒಂದು ನೂಲಿನಷ್ಟು ಓರೆಯಾಗಿದ್ದರೂ ಎದ್ದು ಹೋಗಿ ಸರಿಮಾಡುವರು. ಪೇಪರಿನಲ್ಲಿ ತಪ್ಪು ಕಂಡರೆ ಹಸಿರು ಶಾಯಿಯ ಪೆನ್ನಿನಿಂದ ತಿದ್ದಿಯೇ ರದ್ದಿಗೆ ಹಾಕುವರು. ತರಕಾರಿಯವನ ಜೊತೆ ತೆಲುಗಿನಲ್ಲಿ, ಗ್ಯಾಸಿನವನ ಜೊತೆ ಹಿಂದಿಯಲ್ಲಿ ಮಾತಾಡಿದರೂ ಎರಡೂ ರಾಯಚೂರಿನ ರಾಗದಲ್ಲೇ ಇರುತ್ತಿದ್ದವು. ನಾನು ಆಸ್ಪತ್ರೆಯಿಂದ ಬಂದ ಸದ್ದು ಕೇಳಿದರೆ ಮೆಟ್ಟಿಲ ಬುಡದಿಂದ ಕೂಗುವರು, "ಏನವಾ, ಉಂಡಿ? ಖರೇ ಹೇಳು." ಆ 'ಖರೇ ಹೇಳು' ಅವರ ಎಲ್ಲ ಪ್ರಶ್ನೆಗಳ ಬಾಲದಲ್ಲಿರುತ್ತಿತ್ತು.

ಇನ್ನೊಂದು ವಿಚಿತ್ರವೆಂದರೆ ಅವರ ಮನೆಯ ಉಕ್ಕಿನ ಪಾತ್ರೆಗಳ ಹೊಳಪು. ಲೋಟ, ಡಬ್ಬಿ, ಸೌಟು ಎಲ್ಲ ಕನ್ನಡಿಯಂತಿದ್ದವು. ಒಂದು ದಿನ ನಾನು ಅವಸರದಲ್ಲಿ ಸೌಟನ್ನೇ ಮುಖದ ಮುಂದೆ ಹಿಡಿದು ಬಿಂದಿ ಸರಿಮಾಡಿಕೊಂಡೆ. ಅವರು ನಕ್ಕರು.

"ಅದು ಪ್ರಾಕ್ಟೀಸಿಗೆ ತಿಕ್ಕಿದ್ದವಾ," ಅಂದರು.

"ಪ್ರಾಕ್ಟೀಸ್ ಯಾತರದ್ದರಿ?"

"ರಿವಾಲ್ವರ್ ತಿಕ್ಕೋದೈತಿ."

ನಾನು ತಮಾಷೆ ಅಂದುಕೊಂಡೆ. ಅವರು ಒಳಗೆ ಹೋಗಿ ಒಂದು ಚಪ್ಪಟೆ ತಗಡಿನ ಡಬ್ಬಿ ತಂದು ಮೇಜಿನ ಮೇಲಿಟ್ಟು ತೆರೆದರು. ಒಳಗೆ ಲೋಹ ತಿಕ್ಕುವ ಉಜ್ಜುಕಾಗದಗಳನ್ನು ಒರಟಿನಿಂದ ನುಣುಪಿಗೆ, ಸಾಲಾಗಿ ಜೋಡಿಸಿಟ್ಟಿತ್ತು. ಒಂದು ತುಂಡು ಮೆತ್ತನೆಯ ಉಣ್ಣೆಬಟ್ಟೆ, ಹೊಲಿಗೆ ಯಂತ್ರಕ್ಕೆ ಹಾಕುವಂಥ ತೆಳು ಎಣ್ಣೆಯ ಶೀಸೆ. ಶೀಸೆಯ ಮುಚ್ಚಳವನ್ನು ಯಾರೂ ಒಡೆದಿರಲಿಲ್ಲ.

"ನಮ್ಮ ಮನಿಯವರು ತಂದಿಟ್ಟದ್ದು," ಅಂದರು.

ಆ ದಿನ ಅವರು ಹೇಳಿದ್ದಿಷ್ಟು. ಗಂಡ ಅಬಕಾರಿ ಇಲಾಖೆಯಲ್ಲಿದ್ದವರು. ನಿವೃತ್ತರಾದ ಮೇಲೆ, ಲೈಸೆನ್ಸ್ ಮಾಡಿಸಿ, ಸಿಕಂದರಾಬಾದಿನ ಒಬ್ಬ ಹಳೆಯ ಮಿಲಿಟರಿ ಅಧಿಕಾರಿಯಿಂದ ಬಳಸಿದ ಸ್ಟೇನ್‌ಲೆಸ್ ಸ್ಟೀಲಿನ ರಿವಾಲ್ವರೊಂದನ್ನು ಕೊಂಡರು. ಗುಂಡು ಹಾರಿಸುವ ಆಸೆಯೇನೂ ಅವರಿಗಿರಲಿಲ್ಲವಂತೆ. ಮನೆಯಲ್ಲಿ ಕೂತು ಅದನ್ನು ಹೊಸದರಂತೆ ಮಾಡಬೇಕು ಅನ್ನುವ ಹುಚ್ಚು. ಹಳೆಯ ಗಡಿಯಾರ, ಹಳೆಯ ರೇಡಿಯೋ ಎಲ್ಲವನ್ನೂ ಹಾಗೇ ಬಿಚ್ಚಿ ಕೂಡಿಸಿದ ಮನುಷ್ಯ. ಆದರೆ ಅಕ್ಕೋರು ಒಪ್ಪಲಿಲ್ಲ. ಜೀವ ತೆಗೆಯುವ ವಸ್ತು ಈ ಹೊಸ್ತಿಲು ದಾಟಬಾರದು ಅಂದರು. ಗಂಡ ವಾದ ಮಾಡಲಿಲ್ಲ. ಆಯುಧದಂಗಡಿಯಲ್ಲೇ ಅದನ್ನು ಜಮಾ ಇಟ್ಟು, "ನೀ ಹೂಂ ಅಂದ ದಿನ ತರ್ತೀನಿ" ಅಂದರು.

"ಎಂಟು ತಿಂಗಳು ಕೇಳಿದ್ರವಾ. ಐತವಾರ ಚಹಾ ಕುಡಿಯೋ ಮುಂದ, 'ಏನಂತೀ?' ಅಂತ ಒಂದೇ ಮಾತು. ನಾನು ಊಹೂಂ ಅಂತಿದ್ದೆ. ಅವರು ಪೇಪರ್ ಓದಾಕ ಹತ್ತತಿದ್ರು. ಒಂದು ದಿನ ಮುಂಜಾನೆ ಹಲ್ಲು ತಿಕ್ಕೋ ಮುಂದ ಕುಸಿದ್ರು. ಆತು."

ಡಬ್ಬಿಯ ಮುಚ್ಚಳ ಹಾಕುತ್ತ, "ನನಗ ಈಗೂ ಅದು ಬ್ಯಾಡಾದ ವಸ್ತುನ," ಅಂದರು. "ಆದ್ರ ಅದನ್ನ ಒಂದು ಸಲ ಹೊಳೆಯೋ ಹಂಗ ಮಾಡ್ತೀನಿ. ಮಾಡಿ ಸರಕಾರಕ್ಕ ಒಪ್ಪಸ್ತೀನಿ. ಅಲ್ಲಿತನಕ ಬಿಡೂದಿಲ್ಲ."

ಮೈದುನನ ಮಗ ಬಂದು, "ಕಾಕು, ಮಾರಿಬಿಡ್ರಿ, ಯಾಕ ತಲಿನೋವು?" ಅಂದ. ಅಂಗಡಿಯವರೂ ಅದನ್ನೇ ಹೇಳಿದರು. ಅಕ್ಕೋರು ವಾರಸುದಾರರಾಗಿ ತಮ್ಮ ಹೆಸರಿಗೆ ಲೈಸೆನ್ಸ್ ಕೇಳಿ ಅರ್ಜಿ ಹಾಕಿದರು. ಎರಡು ವರ್ಷ ಅಲೆದರು. ವೈದ್ಯರ ಪ್ರಮಾಣಪತ್ರ, ತರಬೇತಿಯ ಪತ್ರ, ಓಣಿಯವರ ಹೇಳಿಕೆ. ಕಡೆಗೊಬ್ಬ ಅಧಿಕಾರಿ, "ಈ ವಯಸ್ಸಿನಲ್ಲಿ ನಿಮಗೇಕಮ್ಮಾ ಇದೆಲ್ಲ?" ಅಂತ ತೆಲುಗಿನಲ್ಲಿ ಕೇಳಿದನಂತೆ. "ನನ್ನ ಗಂಡನ ವಸ್ತು ಹಾಳಾಗುತ್ತಿದೆ, ಅದಕ್ಕೆ" ಅಂದರಂತೆ ಇವರು. ಆತ ಸಹಿ ಹಾಕಿದ.

ರಿವಾಲ್ವರ್ ಮನೆಗೆ ಬಂದ ದಿನ ನನ್ನನ್ನು ಕೆಳಗೆ ಕರೆದರು. ಸಿನಿಮಾದಲ್ಲಿ ಕಂಡಂಥ ಥಳಥಳಿಸುವ ವಸ್ತುವನ್ನು ನಾನು ಎಣಿಸಿದ್ದೆ. ಬಟ್ಟೆ ಬಿಚ್ಚಿದರೆ ಮಂಕು ಹಿಡಿದ, ಅಲ್ಲಲ್ಲಿ ಕಂದು ಚುಕ್ಕೆಯ, ಮೈತುಂಬ ಗೀರುಬಿದ್ದ ಒಂದು ಕಬ್ಬಿಣ. ವರ್ಷಗಟ್ಟಲೆ ಬಟ್ಟೆಯ ಚೀಲದಲ್ಲೇ ಇದ್ದು ಹಾಗಾಗಿತ್ತು.

"ಸ್ಟೇನ್‌ಲೆಸ್ ಅಂತಾರಲ್ಲರಿ?"

"ಸ್ಟೇನ್‌ಲೆಸ್ ಅಂದ್ರ ಕಲೆ ಆಗೂದ ಇಲ್ಲ ಅಂತಲ್ಲವಾ. ತಡಾ ಮಾಡಿ ಆಗ್ತೈತಿ ಅಂತ."

ಮುಟ್ಟುವ ಮೊದಲು ಗುಂಡು ತುಂಬುವ ಸಿಲಿಂಡರನ್ನು ಹೊರಗೆ ಸರಿಸಿ, ಆರೂ ತೂತುಗಳಲ್ಲಿ ಬೆಳಕು ಕಾಣುವುದನ್ನು ಒಂದೊಂದಾಗಿ ಎಣಿಸಿದರು. ಅವರು ಒಂದು ಗುಂಡನ್ನೂ ಕೊಂಡವರಲ್ಲ, ಮನೆಯಲ್ಲಿ ಗುಂಡೇ ಇರಲಿಲ್ಲ. ಆದರೂ ಪ್ರತಿಸಲ ತಿಜೋರಿಯಿಂದ ತೆಗೆದಾಗಲೂ, ಒಳಗಿಡುವಾಗಲೂ ಆರನ್ನೂ ಎಣಿಸುತ್ತಿದ್ದರು. ನನಗೂ ತೋರಿಸಿ ಎಣಿಸಲು ಹೇಳುತ್ತಿದ್ದರು.

ಚಳಿಗಾಲದ ಐತವಾರಗಳು ಹೀಗೆ ಶುರುವಾದವು. ಹಿಂದಿನ ಪಡಸಾಲೆಯಲ್ಲಿ ಬಿಸಿಲು ಬೀಳುವ ಜಾಗಕ್ಕೆ ಮೇಜು ಎಳೆದು, ಹಳೆಯ ದುಪ್ಪಟಿ ಹಾಸಿ ಕೂಡುವರು. ಮರದ ಹಿಡಿಕೆಯ ಎರಡು ಹೋಳುಗಳನ್ನು ಬಿಚ್ಚಿ ಬದಿಗಿಡುವರು. ಉಜ್ಜುಕಾಗದವನ್ನು ಚಪ್ಪಟೆ ರಬ್ಬರಿನ ತುಂಡಿಗೆ ಸುತ್ತಿ, ಒಂದು ಹನಿ ಎಣ್ಣೆ ಹಾಕಿ, ನಳಿಗೆಯ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ತಿಕ್ಕುವರು. ಅಡ್ಡ ತಿಕ್ಕುವ ಹಾಗಿಲ್ಲ, ಒತ್ತುವ ಹಾಗಿಲ್ಲ. ಹತ್ತು ಸಲ ತಿಕ್ಕಿ ಒರೆಸಿ, ಭೂತಗನ್ನಡಿ ಹಿಡಿದು ನೋಡುವರು.

ನಾನೂ ಕಲಿಯುತ್ತೇನೆ ಅಂದೆ. ಒಂದು ತಿಂಗಳು ನನಗೆ ಹಿತ್ತಾಳೆ ಚಿಲಕ, ಉಕ್ಕಿನ ಲೋಟ ಕೊಟ್ಟರು. ಆಮೇಲೆ, ತಾವು ಪಕ್ಕದಲ್ಲೇ ಕೂತು, ರಿವಾಲ್ವರಿನ ಮೈ ಮುಟ್ಟಲು ಬಿಟ್ಟರು. "ಮೊದಲನೇ ಕಾಗದದ ಗೀರು ಪೂರಾ ಹೋಗೋತನಕ ಎರಡನೇ ಕಾಗದ ಕೇಳಬ್ಯಾಡ," ಅನ್ನುತ್ತಿದ್ದರು. ನನ್ನದು ಅವಸರದ ಕೈ. ಹೊಳಪು ಕಂಡರೆ ಸಾಕು, ಮುಂದಿನ ಕಾಗದ ಎತ್ತಿಕೊಳ್ಳುತ್ತಿದ್ದೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ಖರೇ ಹೇಳು, ಹೋತೇನು?" ಅನ್ನುವರು. ನಾನು ಹಿಂದಿನದಕ್ಕೇ ಮರಳುತ್ತಿದ್ದೆ.

ರಿವಾಲ್ವರಿನ ಬಲಮಗ್ಗುಲಿಗೆ ಅದರ ನಂಬರನ್ನು ಕೊರೆದಿತ್ತು. ಆ ಜಾಗಕ್ಕೆ ಅಕ್ಕೋರು ದಪ್ಪ ಟೇಪು ಅಂಟಿಸಿದ್ದರು. "ಇದರೊಳಗ ಮಾತ್ರ ಕೈ ಹಾಕಬ್ಯಾಡ. ನಂಬರ್ ಅಳಿಸಿದ ಆಯುಧ ಅಂದ್ರ ಕಳ್ಳಮಾಲು. ಜೇಲಿಗೆ ಹೋಗೋ ಮಾತು," ಅಂತ ಎರಡು ಸಲ ಹೇಳಿದ್ದರು.

ಒಂದು ಐತವಾರ ಗ್ಯಾಸ್ ಸಿಲಿಂಡರ್ ಬಂತು. ಅಕ್ಕೋರು ಬಾಗಿಲಿಗೆ ಹೋದರು. ಅವನ ಜೊತೆ ರೆಗ್ಯುಲೇಟರಿನ ಸೋರಿಕೆ ಬಗ್ಗೆ ಮಾತು ಬೆಳೆಯಿತು. ನಾನು ಬಲಮಗ್ಗುಲಿನ ಒಂದು ಕಂದು ಕಲೆಯನ್ನು ತಿಕ್ಕುತ್ತಿದ್ದೆ. ಅದು ಟೇಪಿನ ಅಡಿಗೂ ಹರಿದಿತ್ತು. ಅರ್ಧ ಕಲೆ ಹೋಗಿ ಅರ್ಧ ಉಳಿದರೆ ಚೆಂದ ಕಾಣುವುದಿಲ್ಲವಲ್ಲ ಅಂತ ಟೇಪಿನ ಅಂಚನ್ನು ಉಗುರಿನಿಂದ ಎಬ್ಬಿಸಿದೆ. ಕೈಗೆ ಸಿಕ್ಕದ್ದು ಎಲ್ಲಕ್ಕಿಂತ ಒರಟು ಕಾಗದ. ಕಲೆ ಬೇಗ ಹೋಯಿತು. ಹುರುಪಿನಲ್ಲಿ ಇನ್ನೂ ನಾಲ್ಕು ಸಲ ಎಳೆದೆ. ಒರೆಸಿ ನೋಡಿದರೆ ನಂಬರಿನ ಕೊನೆಯ ಎರಡು ಅಂಕಿಗಳು, ತೊಳೆದ ಸ್ಲೇಟಿನ ಮೇಲಿನ ಬಳಪದ ಗುರುತಿನಂತೆ, ಇದ್ದೂ ಇಲ್ಲದಂತೆ ಆಗಿದ್ದವು.

ಅಕ್ಕೋರು ಬಂದು ನನ್ನ ಮುಖ ನೋಡಿದರು, ಆಮೇಲೆ ಮೇಜು ನೋಡಿದರು. ಭೂತಗನ್ನಡಿ ಹಿಡಿದು ಬಹಳ ಹೊತ್ತು ಬಾಗಿ ನಿಂತರು.

ನನ್ನ ಬಾಯಿಂದ ಆಗ ಬಂದ ಮಾತನ್ನು ಇವತ್ತಿಗೂ ಮರೆಯಲಾರೆ. "ಯಾರಿಗೂ ಗೊತ್ತಾಗೂದಿಲ್ಲರಿ. ಅಮೀರ್‌ಪೇಟದಾಗ ಸ್ಟೀಲ್ ಮ್ಯಾಲೆ ಹೆಸರು ಕೊರಿಯೋರು ಅದಾರ. ಅವೇ ಎರಡು ಅಂಕಿ ಕೊರಿಸಿದ್ರ ಆತು."

ಅವರು ತಲೆ ಎತ್ತಿದರು. ನಾನು ಅವರ ತರಗತಿಯಲ್ಲಿ ಕೂತವಳಲ್ಲ, ಆದರೆ ಅವರ ವಿದ್ಯಾರ್ಥಿಗಳು ಕಂಡಿರಬಹುದಾದ ಆ ನೋಟವನ್ನು ಅಂದು ಕಂಡೆ.

"ನಿನ್ನ ಪೊಲೀಸ್ ವೆರಿಫಿಕೇಶನ್ ಇನ್ನ ಬಂದಿಲ್ಲಲ್ಲ?" ಅಂತ ಕೇಳಿದರು.

ಬಂದಿರಲಿಲ್ಲ. ಏಳು ವರ್ಷ ಗುತ್ತಿಗೆಯಲ್ಲಿ ದುಡಿದ ಮೇಲೆ, ಆ ತಿಂಗಳಷ್ಟೇ ಕಾಯಂ ನೌಕರಿಗೆ ನನ್ನ ಆಯ್ಕೆಯಾಗಿತ್ತು. ಪೊಲೀಸರು ನನ್ನ ಹೆಸರಿನ ಮೇಲೆ ಯಾವ ಕೇಸೂ ಇಲ್ಲ ಅಂತ ಬರೆದು ಕಳಿಸಬೇಕಾಗಿತ್ತು. ಲೈಸೆನ್ಸ್ ಇಲ್ಲದ ನಾನು ಇನ್ನೊಬ್ಬರ ರಿವಾಲ್ವರಿನ ನಂಬರು ತಿಕ್ಕಿದೆ ಅಂತ ಒಂದು ಸಾಲು ಬಿದ್ದರೆ ಅಲ್ಲಿಗೆ ಮುಗಿಯಿತು.

"ನಾ ಠಾಣೆಗೆ ಹೋಗಿ ಬರ್ತೀನಿ. ನೀ ಮ್ಯಾಲೆ ಹೋಗು," ಅಂದರು.

"ಅಕ್ಕೋರೆ, ನಾನೂ ಬರ್ತೀನ್ರಿ."

"ಮ್ಯಾಲೆ ಹೋಗು ಅಂದೆ."

ನಾನು ಹೋದೆ. ಇದನ್ನು ನೇರವಾಗಿಯೇ ಬರೆಯಬೇಕು. ಅವರು ಎರಡನೆಯ ಸಲ ಹೇಳಿದ್ದು ನನಗೆ ಸಮಾಧಾನವೇ ಆಯಿತು. ಕಿಟಕಿಯ ಪರದೆಯ ಹಿಂದೆ ನಿಂತು ನೋಡಿದೆ. ಅವರು ಸೀರೆ ಬದಲಿಸಿ, ಲೈಸೆನ್ಸ್ ಪುಸ್ತಕವನ್ನೂ ಬಟ್ಟೆಯಲ್ಲಿ ಸುತ್ತಿದ ರಿವಾಲ್ವರನ್ನೂ ಚೀಲದಲ್ಲಿಟ್ಟುಕೊಂಡು ಆಟೋ ಹತ್ತಿದರು. ಐದು ತಾಸಿನ ಮೇಲೆ ಬರಿಗೈಯಲ್ಲಿ ಬಂದರು. ಮೆಟ್ಟಿಲಿಳಿದು ಓಡಿಹೋದೆ.

"ಏನಾತ್ರಿ? ಯಾರು ಮಾಡಿದ್ದು ಅಂತ ಕೇಳಿದ್ರೇನ್ರಿ?"

"ಕೇಳಿದ್ರು."

"ನೀವು ಏನಂದ್ರಿ?"

"ಬರಕೊಟ್ಟೀನಿ," ಅಂದರು. ಅಷ್ಟೇ. ಏನು ಬರೆದುಕೊಟ್ಟರು ಅಂತ ಹೇಳಲಿಲ್ಲ.

ಮುಂದೆ ಹನ್ನೆರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೆಟ್ಟಿಲ ಬುಡದಿಂದ ಕೂಗು ಬರಲಿಲ್ಲ. ಹದಿಮೂರನೆಯ ದಿನ ನಾನೇ ಹೋಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಅವರು ರೊಟ್ಟಿ ಬಡಿಯುತ್ತಿದ್ದರು. ತಿರುಗಿ ನೋಡದೆ ಅಂದರು:

"ತಪ್ಪು ಮಾಡಿದ್ದಕ್ಕ ಸಿಟ್ಟಿಲ್ಲ. ಹೆದರಿದ್ದಕ್ಕೂ ಸಿಟ್ಟಿಲ್ಲ. ಕೊರಿಸೋಣು ಅಂದಿಯಲ್ಲ, ಅದಕ್ಕ ಸಿಟ್ಟು."

ಅವರು ಒಂದು ತಾಟಿಗೆ ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿ ನನ್ನತ್ತ ಸರಿಸಿದರು.

ಠಾಣೆಯಿಂದ ನೋಟಿಸ್ ಬಂತು: ಲೈಸೆನ್ಸ್ ಏಕೆ ರದ್ದು ಮಾಡಬಾರದು ಅಂತ. ಅಕ್ಕೋರು ಉತ್ತರ ಬರೆದರು. ಕರೆದಾಗಲೆಲ್ಲ ಹೋದರು. ಒಮ್ಮೆ ಸಾಹೇಬರಿಲ್ಲ, ಒಮ್ಮೆ ಫೈಲಿಲ್ಲ, ಒಮ್ಮೆ ಬಂದೋಬಸ್ತು. ನಡುವೆ ಚುನಾವಣೆ ಬಂದು ಎಲ್ಲ ನಿಂತುಹೋಯಿತು. ಮಂಡಿನೋವಿಗೆ ಪಟ್ಟಿ ಕಟ್ಟಿಕೊಂಡು, ಉದ್ದನೆಯ ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಿದ್ದರಂತೆ. "ಮನೆಗೆ ಹೋಗಿ ಅಮ್ಮಾ, ಫೋನ್ ಮಾಡ್ತೀವಿ" ಅಂದರೆ, "ಕೂತಿರ್ತೀನಿ, ನನಗ ಬ್ಯಾರೆ ಕೆಲಸಿಲ್ಲ" ಅನ್ನುತ್ತಿದ್ದರಂತೆ. ಅದೇ ಠಾಣೆಯಿಂದ ನನ್ನ ವೆರಿಫಿಕೇಶನ್ ಯಾವ ತಕರಾರಿಲ್ಲದೆ ಹೋಯಿತು. ಕಾಯಂ ನೌಕರಿಯ ಆದೇಶ ಕೈಗೆ ಬಂದ ದಿನ ಅವರಿಗೆ ಪೇಢೆ ಕೊಡಲು ಹೋದೆ. ಅವರು ಆಗಷ್ಟೇ ಠಾಣೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದರು. ಪೇಢೆ ಬಾಯಿಗೆ ಹಾಕಿಕೊಂಡು, ನನ್ನ ತಲೆ ಮೇಲೆ ಕೈಯಿಟ್ಟರು. ಅವತ್ತಿನಷ್ಟು ಸಣ್ಣವಳಾಗಿ ನಾನು ಎಂದೂ ನಿಂತಿರಲಿಲ್ಲ.

ಕೊನೆಗೆ ಪೊಲೀಸ್ ಶಸ್ತ್ರಾಗಾರದ ಮೇಸ್ತ್ರಿಯೊಬ್ಬ ರಿವಾಲ್ವರನ್ನು ಬಿಚ್ಚಿ ನೋಡಿದ. ಅದೇ ನಂಬರು ಒಳಗಿನ ಭಾಗದಲ್ಲೂ ಪೂರ್ತಿಯಾಗಿತ್ತು. ಕಾಗದಕ್ಕೂ ವಸ್ತುವಿಗೂ ತಾಳೆಯಾಗುತ್ತದೆ, ತಾನಾಗಿ ಬಂದು ತಿಳಿಸಿದ್ದಾರೆ ಅಂತ ಬರೆದು, ಎಚ್ಚರಿಕೆ ಕೊಟ್ಟು ಮರಳಿಸಿದರು. ಮೂರು ಋತು ಕಳೆದಿತ್ತು. ನಾವು ಮಾಡಿದ ಹೊಳಪಿನ ಮೇಲೆ ಹತ್ತಾರು ಕೈಗಳ ಬೆವರಿನ ಗುರುತು, ಹೊಸ ಚುಕ್ಕೆಗಳು.

ಅಕ್ಕೋರು ಭೂತಗನ್ನಡಿಯಿಂದ ಎಲ್ಲವನ್ನೂ ನೋಡಿ, ನಿಟ್ಟುಸಿರು ಕೂಡ ಬಿಡದೆ, ಡಬ್ಬಿಯಿಂದ ಮೊದಲನೆಯ ಕಾಗದ ತೆಗೆದರು.

ಈ ಸಲ ಅವರೊಬ್ಬರೇ ತಿಕ್ಕಿದರು. ನಾನು ಮೇಜಿನ ಆಚೆ ಕೂತು ಪೇಪರ್ ಓದಿ ಹೇಳುತ್ತಿದ್ದೆ. ಕೈ ಸೋತಾಗ ಬೆರಳು ಮಡಿಚಿ ಬಿಚ್ಚಿ ಮಾಡುವರು, ಬಿಸಿನೀರಿನಲ್ಲಿ ಅದ್ದುವರು, ಮತ್ತೆ ಕಾಗದ ಹಿಡಿಯುವರು. ಕಡೇ ಕಾಗದ ಮುಗಿದು ಉಣ್ಣೆಬಟ್ಟೆಗೆ ಬಂದ ಐತವಾರ, ಬಿಚ್ಚಿಟ್ಟ ಮರದ ಹಿಡಿಕೆಯ ಹೋಳುಗಳನ್ನೂ ಎಣ್ಣೆಯ ಶೀಸೆಯನ್ನೂ ನನ್ನ ಮುಂದೆ ತಳ್ಳಿದರು. "ಇವಕ್ಕ ನೀ ಎಣ್ಣಿ ಹಚ್ಚು. ಭಾಳ ಹಚ್ಚಬ್ಯಾಡ."

ನಾನು ಹಚ್ಚಿದೆ. ಕಣ್ಣು ಮಂಜಾಗಿ ಒಂದು ಹನಿ ಹೆಚ್ಚೇ ಬಿತ್ತು. ಅವರು ನೋಡಿಯೂ ಉಣ್ಣೆಬಟ್ಟೆ ಆಡಿಸುತ್ತಲೇ ಇದ್ದರು.

ಹಿಡಿಕೆ ಕೂಡಿಸಿದ ಮೇಲೆ ಅದು ನಿಜಕ್ಕೂ ಚೆಂದ ಕಂಡಿತು. ಅಕ್ಕೋರು ಆರು ತೂತು ಎಣಿಸಿ, ಅದನ್ನು ಊಟದ ಮೇಜಿನ ಮೇಲೆ, ಗಂಡ ಕೂಡುತ್ತಿದ್ದ ಕುರ್ಚಿಯ ಎದುರಿಗೆ, ಬಿಳಿ ಕರವಸ್ತ್ರದ ಮೇಲಿಟ್ಟರು. ಎರಡು ಕಪ್ ಚಹಾ ಮಾಡಿ ತಂದರು. ಒಂದು ನನಗೆ, ಒಂದು ಅವರಿಗೆ. ಕುರ್ಚಿಯ ಕಡೆ ನೋಡಿ, ಯಾರಿಗೋ ಸಾಮಾನು ತಲುಪಿಸಿದಷ್ಟು ಸಹಜವಾಗಿ, "ಹೂಂ," ಅಂದರು.

ಮರುದಿನವೇ ಠಾಣೆಗೆ ಹೋಗಿ ಲೈಸೆನ್ಸ್ ಸಮೇತ ಒಪ್ಪಿಸಿದರು. ಆವತ್ತು ನನ್ನನ್ನೂ ಕರೆದೊಯ್ದರು. ಶಸ್ತ್ರಾಗಾರದ ಅದೇ ಮೇಸ್ತ್ರಿ ಅಲ್ಲಿದ್ದ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಕಾರ್ಖಾನೆಯಿಂದ ಬಂದಾಗಲೂ ಇಷ್ಟು ಹೊಳೆದಿರಲಿಕ್ಕಿಲ್ಲ ಮೇಡಂ ಅಂದ.

"ನೂರಕ್ಕೆ ಎಷ್ಟು ಕೊಡ್ತೀರಿ?" ಅಂತ ಅಕ್ಕೋರು ತೆಲುಗಿನಲ್ಲಿ ಕೇಳಿದರು.

ಆತ ಬಲಮಗ್ಗುಲಿನ ಮಸುಕಾದ ಅಂಕಿಗಳ ಮೇಲೆ ಬೆರಳಾಡಿಸಿ, "ತೊಂಬತ್ತೈದು," ಅಂದ.

ಆಟೋದಲ್ಲಿ ಕೂತ ಮೇಲೆ, "ಮಾರ್ಕ್ಸ್ ಬರೋಬ್ಬರಿ ಕೊಟ್ಟಾನ," ಅಂದರು. ದಾರಿಯುದ್ದಕ್ಕೂ ಖುಷಿಯಲ್ಲಿದ್ದರು.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಎರಡು ವಾರದ ಜ್ವರ, ಆಮೇಲೆ ಕಿಡ್ನಿ. ಕೊನೆಯ ದಿನಗಳಲ್ಲಿ ನಾನು ರಜೆ ಹಾಕಿ ಅವರ ಹಾಸಿಗೆಯ ಹತ್ತಿರವೇ ಇದ್ದೆ. ಒಂದು ಮಧ್ಯಾಹ್ನ, ಅವರು ಎಚ್ಚರವಾಗಿದ್ದಾಗ, ಠಾಣೆಗೆ ಹೋಗಿ ನಂಬರು ತಿಕ್ಕಿದ್ದು ನಾನು ಅಂತ ಹೇಳಿಬರುತ್ತೇನೆ ಅಂದೆ. ಇಷ್ಟು ವರ್ಷ ಈ ಮಾತನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದೆ. ಅವರು ನನ್ನನ್ನು ನೋಡಿ, "ಹೇಳೋದು ಬಿಡೋದು ನಿನ್ನ ಲೆಕ್ಕ. ನನಗಾಗಿ ಹೇಳಬ್ಯಾಡ," ಅಂದರು.

ಅವರ ಹದಿಮೂರು ದಿನ ಮುಗಿದ ಮೇಲೆ ಒಂದು ಕಾಗದ ಬರೆದುಕೊಂಡು ಠಾಣೆಗೆ ಹೋದೆ. ನೌಕರಿಗೆ ತೊಂದರೆಯಾಗಬಹುದು ಅಂತ ಗೊತ್ತಿತ್ತು. ಆದರೂ ಮೆಟ್ಟಿಲು ಹತ್ತಿದೆ. ಅಧಿಕಾರಿ ಹೊಸಬ. ಪೂರ್ತಿ ಓದಿ, "ಫೈಲು ಎಂದೋ ಮುಗಿದಿದೆ. ಈಗ ಇದನ್ನು ಕೊಟ್ಟು ಏನು ಉಪಯೋಗ?" ಅಂದ.

"ಉಪಯೋಗಕ್ಕಲ್ಲ ಸರ್. ಅದರೊಳಗೆ ಇದು ಇರಬೇಕು," ಅಂದೆ.

ಆತ ಠಾಣೆಯ ದಾಖಲೆ ಬರೆಯುವ ರೈಟರನ್ನು ಕರೆದ. ಅರ್ಧ ತಾಸು ಹುಡುಕಿ ಅವನು ಧೂಳಿನ ಫೈಲು ತಂದು ನನ್ನೆದುರಿಗೇ ಬಿಚ್ಚಿದ. ಹಾಳೆಗಳ ನಡುವೆ ಹಸಿರು ಶಾಯಿ ಕಂಡಿತು. ಯಾರು ಮಾಡಿದರು ಅನ್ನುವ ಪ್ರಶ್ನೆಗೆ ಅಕ್ಕೋರು ತೆಲುಗಿನಲ್ಲಿ, ಗುಂಡಗಿನ ಅಕ್ಷರಗಳಲ್ಲಿ ಬರೆದಿದ್ದ ಉತ್ತರವನ್ನು ನಾನು ಮೊದಲ ಸಲ ಓದಿದೆ: 'ನನ್ನ ಮನೆಯಲ್ಲಿ, ನಾನು ಕೆಲಸ ಕಲಿಸುತ್ತಿದ್ದಾಗ ಆಯಿತು. ಕಲಿಸುವವಳು ಎದ್ದು ಹೋಗಬಾರದಾಗಿತ್ತು. ತಪ್ಪು ಕಲಿಸುವವಳದು.' ಕೆಳಗೆ ಸಹಿ, ತಾರೀಖು.

ರೈಟರ್ ನನ್ನ ಕಾಗದಕ್ಕೆ ತೂತು ಹೊಡೆದು, ಅವರ ಹಾಳೆಯ ಹಿಂದೆ ಇಟ್ಟು, ದಾರ ಬಿಗಿದು ಗಂಟು ಹಾಕಿದ.